ಕವಲಹಾಳದ ಹಿಡಿಜೋಳದ ಬಾವಿ

ಕವಲಹಾಳದ ತೆಂಕಣಕ್ಕೆ, ಕರಿಮಣ್ಣಿನ ಹೊಲಗಳು ಮುಗಿದು ಕಲ್ಲುಹಾಸಿನ ಬಯಲು ಶುರುವಾಗುವಲ್ಲಿ ಒಂದು ಬಾವಿಯಿದೆ. ದೂರದಿಂದ ನೋಡಿದವರಿಗೆ ಅಲ್ಲೊಂದು ಬಾವಿ ಇದೆಯೆಂದೇ ತಿಳಿಯುವುದಿಲ್ಲ. ಬೇವಿನ ಮರದ ನೆರಳಿಗೆಂದು ಹತ್ತಿರ ಹೋದಾಗಲೇ ಕಾಲ ಬುಡದಲ್ಲಿ ನೆಲ ಬಾಯಿ ತೆರೆದದ್ದು ಕಾಣುತ್ತದೆ. ಸುತ್ತಲಿನ ನೀರೆಲ್ಲ ಸವುಳಾದರೂ ಇದರ ನೀರು ಸಿಹಿ. ಬೇಳೆ ಬೇಗ ಬೇಯುತ್ತದೆಂದು ಹೆಂಗಸರು ಮನೆಗೆ ನಲ್ಲಿ ಬಂದ ಮೇಲೂ ಒಂದು ಕೊಡ ಇಲ್ಲಿಂದಲೇ ಒಯ್ಯುತ್ತಾರೆ. ಊರವರು ಇದನ್ನು ಹಿಡಿಜೋಳದ ಬಾವಿ ಎನ್ನುತ್ತಾರೆ. ಪರವೂರಿನವರು ಬಂದರೆ ಮಾತ್ರ 'ಜಿನ್ನಿನ ಬಾವಿ ಎಲ್ಲೈತ್ರಿ?' ಎಂದು ಕೇಳುತ್ತಾರೆ. ಅವರಿಗೆ ಯಾರೋ ಅರ್ಧ ಕತೆ ಹೇಳಿ ಕಳಿಸಿರುತ್ತಾರೆ. ಅರ್ಧ ಕತೆ ಹೇಳುವವರ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಬಾವಿಯನ್ನು ಯಾರು ಕಡಿದರೆಂಬುದನ್ನು ಹೇಳಿ, ಯಾರ ಹಿಡಿಜೋಳದಿಂದ ಅದಕ್ಕೆ ಹೆಸರು ಬಂತೆಂಬುದನ್ನು ಬಿಟ್ಟರೆ ಅದೆಂಥ ಕತೆ?

ಜಿನ್ನೆಂದರೆ ಏನೆಂಬುದನ್ನೂ ಮೊದಲೇ ಹೇಳಿಬಿಡಬೇಕು, ಏಕೆಂದರೆ ಈಗಿನ ಮಕ್ಕಳು ಕಾರ್ಟೂನು ನೋಡಿ ನನಗೇ ಪಾಠ ಹೇಳಲು ಬರುತ್ತಾರೆ. ಅವರ ಜಿನ್ನು ಸೊಂಟದ ಕೆಳಗೆ ಹೊಗೆ, ಮೇಲೆ ಜೋಕು. ಕೇಳಿದ್ದೆಲ್ಲ ಕೊಟ್ಟು ಕೊನೆಗೆ ಕುಣಿಯುತ್ತದೆ. ನಮ್ಮ ಕಡೆಯ ಹಿರಿಯರು ಬಲ್ಲ ಜಿನ್ನು ಅಂಥದ್ದಲ್ಲ. ಅದು ಹೊಗೆಯಿಲ್ಲದ ಬೆಂಕಿಯಿಂದ ಹುಟ್ಟಿದ್ದು. ಹಾಳುಕೋಟೆಗಳಲ್ಲಿ, ಬಿದ್ದ ಗುಮ್ಮಟಗಳಲ್ಲಿ ಅದರ ವಾಸ. ಬಂಡೆಯನ್ನು ಉಗುರಿನಿಂದ ಸೀಳಬಲ್ಲದು, ಬೆಟ್ಟದ ಕಲ್ಲನ್ನು ಹೊತ್ತು ಗಾಳಿಯಂತೆ ಓಡಬಲ್ಲದು. ಆದರೆ ಇಲ್ಲದ್ದನ್ನು ಉಂಟುಮಾಡಲಾರದು, ಸತ್ತವರನ್ನು ಎಬ್ಬಿಸಲಾರದು, ಒಬ್ಬರ ಮನಸ್ಸನ್ನು ತಿರುಗಿಸಲಾರದು. ಕೊಟ್ಟ ಮಾತನ್ನು ಅದು ಬಿಡುವುದಿಲ್ಲ. ತಾನು ಕೊಟ್ಟದ್ದನ್ನೂ, ನೀವು ಅದಕ್ಕೆ ಕೊಟ್ಟದ್ದನ್ನೂ. ಈ ಎರಡನೆಯದನ್ನು ಮನುಷ್ಯರು ಮರೆಯುತ್ತಾರೆ.

ಹಿಂದೆ ಒಮ್ಮೆ, ಈ ಭಾಗವನ್ನು ಬಾದಶಹರು ಆಳುತ್ತಿದ್ದ ಕಾಲದಲ್ಲಿ, ಕವಲಹಾಳದಲ್ಲಿ ಲಾಡ್ಲೇಸಾಬ ಎಂಬ ಕಲಾಯಿಗಾರನಿದ್ದ. ತಾಮ್ರ ಹಿತ್ತಾಳೆಯ ಪಾತ್ರೆಗಳ ಒಳಗೆ ತವರ ಹಚ್ಚಿ ಬೆಳ್ಳಗೆ ಮಾಡಿಕೊಡುವುದು ಅವನ ಕಸುಬು. ಕೈ ಒಳ್ಳೆಯದು, ಆದರೆ ಊರಲ್ಲಿ ದೊಡ್ಡವನೆನಿಸಿಕೊಳ್ಳುವ ಚಪಲ ಅದಕ್ಕಿಂತ ಒಳ್ಳೆಯದಿತ್ತು. ಆ ಚಪಲವೂ ಇಲ್ಲದಿದ್ದರೆ ನಮಗೆ ಬಾವಿ ಸಿಗುತ್ತಿರಲಿಲ್ಲವೆನ್ನಿ. ಒಂದು ದಿನ ಅವನಿಗೆ ಹಾಳುಕೋಟೆಯ ಮಣ್ಣಿನಲ್ಲಿ ಕಪ್ಪುಗಟ್ಟಿದ ತಾಮ್ರದ ತಂಬಿಗೆಯೊಂದು ಸಿಕ್ಕಿತು. ಮನೆಗೆ ತಂದು ಹುಣಸೆಹಣ್ಣು ಹಚ್ಚಿ ತಿಕ್ಕಿದಾಗ ಅದರಿಂದ ಜಿನ್ನು ಎದ್ದು ನಿಂತಿತು. ತಂಬಿಗೆ ಹಿಡಿದವನಿಗೆ ಒಂದು ಕೆಲಸ ಮಾಡಿಕೊಡಬೇಕೆಂಬುದು ತನಗೆ ಬಿದ್ದ ಕಟ್ಟು ಎಂದು ಅದು ಹೇಳಿತು. ಹಗಲೆಲ್ಲ ದುಡಿಯುವುದು, ಹೊತ್ತು ಮುಳುಗುವ ಮುಂಚೆ ಬಂದು ತಂಬಿಗೆ ಸೇರುವುದು. ಆ ಹೊತ್ತಿಗೆ ತಂಬಿಗೆ ಮನೆಯಲ್ಲಿರಬೇಕು. 'ಇರದಿದ್ದರೆ ನಿನ್ನ ಮನಿಯಾಗಿನ ಎಲ್ಲಾರಿಗಿಂತ ಸಣ್ಣ ಜೀವ ನಂದು' ಎಂದಿತು. ಲಾಡ್ಲೇಸಾಬ ಸುತ್ತ ನೋಡಿದ. ಮನೆಯಲ್ಲಿ ತಾನು, ಹೆಂಡತಿ ಮಾಲನಬಿ. ಒಬ್ಬಳೇ ಮಗಳು ಗಂಡನ ಊರಿನಲ್ಲಿ. ಎಲ್ಲರಿಗಿಂತ ಸಣ್ಣ ಜೀವವೆಂದರೆ ಗೂಟಕ್ಕೆ ಕಟ್ಟಿದ್ದ ಆಡಿನ ಮರಿ. ಅವನು ನಕ್ಕು ಮಾತು ಕೊಟ್ಟ. ಆ ನಗೆಯನ್ನು ನೆನೆದರೆ ನನಗೆ ಈಗಲೂ ಅವನ ಕಪಾಳಕ್ಕೆ ಒಂದು ಬಾರಿಸಬೇಕೆನಿಸುತ್ತದೆ.

ಅವನು ಕೇಳಿದ್ದು ಬಾವಿಯನ್ನು. ಊರ ಹೆಂಗಸರು ಹಳ್ಳದ ಸವುಳು ನೀರನ್ನೇ ಸೋಸಿ ಕುಡಿಸುತ್ತಿದ್ದ ಕಾಲ. ಸಿಹಿನೀರು ತಂದವನೆಂದು ಹೆಸರಾಗಬೇಕೆಂದು ಅವನ ಆಸೆ. ಬಂಡೆಯ ಹೊಟ್ಟೆಯಲ್ಲಿ ನೀರು ಎಲ್ಲಿದೆಯೆಂದು ಜಿನ್ನು ತೋರಿಸಿ, ಅಲ್ಲೇ ಕಡಿಯತೊಡಗಿತು. ಲಾಡ್ಲೇಸಾಬ ಸುತ್ತಲೂ ಜಾಲಿಯ ಮುಳ್ಳಿನ ಬೇಲಿ ಹಾಕಿ, ಕೇಳಿದವರಿಗೆ 'ಗುರುಗಳ ದುವಾ, ಆಶೀರ್ವಾದದಿಂದ ಕಲ್ಲು ಮೆತ್ತಗಾಗೇತ್ರಿ' ಎಂದು ಗಂಭೀರವಾಗಿ ಹೇಳುತ್ತಿದ್ದ. ತಂಬಿಗೆಯನ್ನು ಮಾತ್ರ ಮನೆಯಲ್ಲೇ, ಕಲಾಯಿಗೆ ಬಂದ ಹತ್ತಾರು ಪಾತ್ರೆಗಳ ನಡುವೆ ಗೋಡೆಯ ಗೂಟಕ್ಕೆ ತೂಗುಹಾಕಿದ್ದ. ಕಲಾಯಿಗಾರನ ಮನೆಯಲ್ಲಿ ಒಂದು ತಂಬಿಗೆಯನ್ನು ಬಚ್ಚಿಡಲು ಅದಕ್ಕಿಂತ ಒಳ್ಳೆಯ ಜಾಗ ಬೇರೆ ಯಾವುದು? ಹೆಂಡತಿಗೂ ಹೇಳಲಿಲ್ಲ. ದಿನವೂ ಸಂಜೆ ಬಿಸಿಗಾಳಿಯೊಂದು ಬಾಗಿಲಿನಿಂದ ನುಗ್ಗಿ ಗೂಟದ ಕಡೆ ಹೋಗುವುದನ್ನು ಮಾಲನಬಿ ಕಂಡಿದ್ದಳು. ಬೇಸಿಗೆಯಲ್ಲವೇ ಎಂದು ಸುಮ್ಮನಿದ್ದಳು.

ಬಾವಿಯ ಕೆಲಸ ಅರ್ಧಕ್ಕೆ ಬಂದಾಗ ಮಗಳು ಹೆರಿಗೆಗೆ ಬಂದಳು. ಗಂಡುಕೂಸು ಹುಟ್ಟಿತು. ಮೊಮ್ಮಗನನ್ನು ಮೊದಲ ಸಲ ಎತ್ತಿಕೊಂಡಾಗಲೇ ಲಾಡ್ಲೇಸಾಬನಿಗೆ ತಾನು ಕೊಟ್ಟ ಮಾತು ನೆನಪಾಯಿತು: ಈಗ ಮನೆಯ ಎಲ್ಲರಿಗಿಂತ ಸಣ್ಣ ಜೀವ ಆಡಿನ ಮರಿಯಲ್ಲ. ಅಂದೇ ಜಿನ್ನಿನ ಕಾಲು ಹಿಡಿದ. ಕಾಲು ಹಿಡಿದರೆ ಕರಗುವ ಜಾತಿಯೇ ಅದು! ಕೆಲಸ ಮುಗಿಯುವ ತನಕ ಕಟ್ಟು ಬಿಚ್ಚುವಂತಿಲ್ಲ, ಮಾತು ಬದಲಿಸುವಂತಿಲ್ಲ ಎಂದಿತು ಅದು. ಆಮೇಲೆ ಅವನಿಗೆ ನಿದ್ದೆಯಿಲ್ಲ, ಊಟವಿಲ್ಲ. ಕೆಲಸ ಬೇಗ ಮುಗಿಯಲೆಂದು ಹಗಲೆಲ್ಲ ಬಾವಿಯ ಬಳಿಯೇ ಇರುತ್ತಿದ್ದ. ಕಲಾಯಿಗೆ ಬಂದ ಊರ ಪಾತ್ರೆಗಳು ಮನೆಯಲ್ಲಿ ಹಾಗೆಯೇ ರಾಶಿ ಬಿದ್ದವು.

ಆ ರಾಶಿಯಲ್ಲಿ ನಿಂಬೆವ್ವನ ತಂಬಿಗೆಯೂ ಒಂದು. ಅವಳು ನೆರೆಮನೆಯ ಹೆಣ್ಣುಮಗಳು, ಗಂಡನಿಲ್ಲ, ಕಳೆ ತೆಗೆಯುವ ಕೂಲಿಗೆ ಹೋಗಿ ಮಗಳನ್ನು ಸಾಕುತ್ತಿದ್ದಳು. ಹೊಲಕ್ಕೆ ಕುಡಿಯುವ ನೀರು ಒಯ್ಯಲು ಅವಳಿಗಿದ್ದದ್ದು ಅದೊಂದೇ ತಂಬಿಗೆ. ಒಂದು ಮುಂಜಾನೆ ಬಂದು ಕೇಳಿದಾಗ ಮಾಲನಬಿಗೆ ನಾಚಿಕೆಯಾಯಿತು. ಗೂಟದ ಮೇಲೆ ಯಾರದೋ ಖಾಲಿ ತಂಬಿಗೆ ತೂಗುತ್ತಿತ್ತು. 'ಇವತ್ತೊಂದಿನ ಇದನ್ನ ಒಯ್ಯವಾ ತಂಗಿ, ನಾಳೆ ನಿಂದು ಮಾಡಸ್ತೀನಿ' ಎಂದು ಇಳಿಸಿ ಕೊಟ್ಟಳು. ಅವಳ ತಪ್ಪೇನೂ ಇಲ್ಲ. ಗುಟ್ಟನ್ನು ಹೆಂಡತಿಯಿಂದ ಮುಚ್ಚಿಡುವ ಗಂಡಸರು ಈ ಜಾಗವನ್ನು ಎರಡು ಸಲ ಓದಿಕೊಳ್ಳಲಿ.

ಅಂದು ಬಾವಿಗೆ ನೀರು ಬಂದಿತ್ತು. ಜಿನ್ನು ಮೂರು ಕಡೆಯ ಮೆಟ್ಟಿಲು ಮುಗಿಸಿ ನಾಲ್ಕನೆಯ ಕಡೆಗೆ ಕೈ ಹಚ್ಚುವುದರಲ್ಲಿತ್ತು. ಇನ್ನೊಂದು ಹಗಲಿನ ಕೆಲಸ, ಆಮೇಲೆ ಬಿಡುಗಡೆ ಎಂದುಕೊಂಡು ಲಾಡ್ಲೇಸಾಬ ಹೊತ್ತು ಇಳಿಯುವ ಮೊದಲು ಮನೆಗೆ ಬಂದ. ಗೂಟ ಬರಿದಾಗಿತ್ತು. ಪಾತ್ರೆಗಳನ್ನೆಲ್ಲ ಎಳೆದು ಬಿಸಾಡಿ ಹುಡುಕುತ್ತಿದ್ದವನನ್ನು ಕಂಡು ಮಾಲನಬಿ, 'ಏನ್ ಹುಡುಕಾಕತ್ತೀರಿ? ಆ ಗೂಟದ ತಂಬಿಗೀನಾ? ನಿಂಬೆವ್ವಗ ಕೊಟ್ಟೀನಿ' ಎಂದಳು. ಅವನು ಅಲ್ಲಿಂದಲೇ ಓಡಿದ. ನಿಂಬೆವ್ವನ ಬಾಗಿಲಿಗೆ ಚಿಲಕ. ಹೊಲಕ್ಕೆ ಓಡಿದ. ಕೂಲಿಯವರು ಆಗಲೇ ಬದುವಿನ ಮೇಲೆ ಸೆರಗು ಝಾಡಿಸುತ್ತಿದ್ದರು. ನಿಂಬೆವ್ವ ಹಳ್ಳದ ದಾರಿ ಹಿಡಿದು ಆಗಲೇ ಹೋದಳೆಂದರು. ತಿರುಗಿ ಊರಿಗೆ ಓಡುವಾಗ ಅವನ ನೆರಳು ಅವನಿಗಿಂತ ಎಷ್ಟೋ ಮುಂದೆ ಓಡುತ್ತಿತ್ತು. ಪಡುವಣದ ಕಡೆ ತಿರುಗಿ ನೋಡುವ ಧೈರ್ಯ ಅವನಿಗಾಗಲಿಲ್ಲ.

ನಿಂಬೆವ್ವ ಮನೆಗೆ ಬಂದು ತಂಬಿಗೆ ತೊಳೆದು ಇಟ್ಟಿದ್ದಳು, ಆದರೆ ಕೊಡಲು ಹೋಗಿರಲಿಲ್ಲ. ಕಾರಣ ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. ಇನ್ನೊಬ್ಬರ ಮನೆಯ ಪಾತ್ರೆಯನ್ನು ನಮ್ಮ ಕಡೆ ಬರಿದಾಗಿ ಹಿಂತಿರುಗಿಸುವುದಿಲ್ಲ. ಒಂದು ಚಿಟಿಕೆ ಸಕ್ಕರೆಯಾದರೂ, ನಾಲ್ಕು ಕಾಳಾದರೂ ಒಳಗಿರಬೇಕು. ಅವಳ ಮನೆಯಲ್ಲಿ ಅಂದು ಉಳಿದದ್ದು ಹಿಡಿಯಷ್ಟು ಜೋಳ, ರಾತ್ರಿಯ ಅಂಬಲಿಗೆಂದು ಇಟ್ಟದ್ದು. ನಾಳೆ ಕೂಲಿಯ ಕಾಳು ಬಂದ ಮೇಲೆ ಕೊಟ್ಟರಾಯಿತೆಂದು ಅವಳು ತಂಬಿಗೆಯನ್ನು ಗೋಡೆಯ ಮಾಡದಲ್ಲಿ ಇಟ್ಟಿದ್ದಳು. ಲಾಡ್ಲೇಸಾಬ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತು ಕೈ ಚಾಚಿದ.

'ತಂಬಿಗಿ ಕೊಡವಾ ತಂಗಿ, ಲಗೂ ಕೊಡು!'

'ಕೊಡ್ತೀನಣ್ಣಾ, ನಾಳೆ ಮುಂಜಾನೆ ನಾನಽ ತಂದು ಕೊಡ್ತೀನಿ. ಬರೇ ತಂಬಿಗಿ ಹ್ಯಾಂಗ ಕೊಡ್ಲಿ?'

'ಬರೇದಽ ಕೊಡು! ನನ್ನ ಮೊಮ್ಮಗನ ಜೀವ ಐತಿ ಅದರಾಗ!'

ಅವನು ಯಾಕೆ ಹಾಗೆ ಅಂದನೆಂದು ಅವಳಿಗೆ ತಿಳಿಯಲಿಲ್ಲ. ಕೂಸಿನ ಮಾತು ಮಾತ್ರ ಕಿವಿಗೆ ಬಿತ್ತು. ಬಾಣಂತಿಯಿರುವ ಮನೆಗೆ ಬರಿ ಪಾತ್ರೆ ಹೋಗುವುದೆಂದರೆ ಅದಕ್ಕಿಂತ ಕೆಟ್ಟ ಶಕುನವಿಲ್ಲ. ಕೂಸಿಗೆ ಮೈಯಲ್ಲಿ ಹುಷಾರಿಲ್ಲವೇನೋ ಎಂದು ಗಾಬರಿಯಾಗಿ, ಗಡಿಗೆಗೆ ಕೈ ಹಾಕಿ ಆ ಹಿಡಿ ಜೋಳವನ್ನು ಪೂರ್ತಿ ತಂಬಿಗೆಗೆ ಸುರಿದು ಕೊಟ್ಟಳು. 'ಕೂಸಿಗೆ ಒಳ್ಳೇದಾಗ್ಲಿ' ಎಂದಳು. ಲಾಡ್ಲೇಸಾಬ ಕಿತ್ತುಕೊಂಡು ಓಡಿದ. ನಾಲ್ಕು ಹೆಜ್ಜೆಯ ದಾರಿ. ಅವನು ತನ್ನ ಹೊಸ್ತಿಲು ಮೆಟ್ಟುವಾಗ ಹೊತ್ತು ಮುಳುಗಿಹೋಗಿತ್ತು.

ಜಿನ್ನು ಒಳಗೇ ನಿಂತಿತ್ತು. ಮೂಲೆಯಲ್ಲಿ ಮಾಲನಬಿ ಗೋಡೆಗೆ ಆತು ಕುಳಿತಿದ್ದಳು. ಬಾಣಂತಿ ಕೂಸನ್ನು ಎದೆಗೆ ಅವಚಿಕೊಂಡು ಮೈಯೆಲ್ಲ ಅಡ್ಡ ಮಾಡಿದ್ದಳು, ಆದರೂ ಮನೆಯ ಕಾವಿಗೆ ಕೂಸಿನ ಮುಖ ಕೆಂಡದಂತೆ ಕೆಂಪಾಗಿ, ಅಳು ಒಣಗಿ, ಬಾಯಿ ಮಾತ್ರ ತೆರೆದು ಮುಚ್ಚುತ್ತಿತ್ತು. ಲಾಡ್ಲೇಸಾಬ ತಂಬಿಗೆಯನ್ನು ಮುಂದೆ ಹಿಡಿದು ಬಿದ್ದ. 'ತಂದೀನಿ! ಒಳಗ ಹೋಗು!' ಎಂದು ಕೂಗಿದ. 'ಹೊತ್ತು ಮುಳುಗೇತಿ' ಎಂದಿತು ಜಿನ್ನು. ಅದರ ಕೈ ಕೂಸಿನ ಕಡೆ ಚಾಚಿತು. ಆಗ ತಂಬಿಗೆಯೊಳಗೆ ಕಾಳು ಸದ್ದು ಮಾಡಿದವು. ತಂಬಿಗೆ ಬರಿದಾಗಿಲ್ಲದ್ದಕ್ಕೇ ಅದು ಒಳಗೆ ಹೋಗುತ್ತಿಲ್ಲವೆಂದು ತಿಳಿದು ಲಾಡ್ಲೇಸಾಬ ಸುರಿದು ಚೆಲ್ಲಲು ಹೋದ.

'ತಡಿ' ಎಂದಿತು ಜಿನ್ನು. 'ನನ್ನ ಮನ್ಯಾಗ ಇದನ್ನ ಯಾರು ಹಾಕಿದ್ದು?'

ನಿಂಬೆವ್ವ ಕೂಸಿಗೆಂದು ಹಾಕಿಕೊಟ್ಟದ್ದನ್ನು ಅವನು ಹೇಳಿದ. ಅವಳ ಮನೆಯಲ್ಲಿ ಇನ್ನೆಷ್ಟು ಇದೆಯೆಂದು ಜಿನ್ನು ಕೇಳಿತು. ಏನೂ ಇಲ್ಲ, ಗಡಿಗೆಯ ತಳ ಕಾಣುತ್ತಿತ್ತು ಎಂದು ಹೇಳುವಾಗ, ಓಡುವ ಅವಸರದಲ್ಲಿ ತಾನು ಕಂಡೂ ಕಾಣದೆ ಬಂದದ್ದು ಅವನಿಗೆ ಆಗ ಹೊಳೆದು ಅಳು ಬಂತು. ಜಿನ್ನು ತಂಬಿಗೆಯ ಬಾಯಿಗೆ ಬಗ್ಗಿ ನೋಡಿತು ಎನ್ನುತ್ತಾರೆ. ಎಷ್ಟೋ ತಲೆಮಾರು ಆ ತಂಬಿಗೆ ಕೈಯಿಂದ ಕೈಗೆ ಹೋಗಿತ್ತು. ಅರಸರ ಕೈಗೂ ಹೋಗಿತ್ತು, ಕಳ್ಳರ ಕೈಗೂ ಹೋಗಿತ್ತು. ಎಲ್ಲರೂ ಅದರಿಂದ ತೆಗೆದವರೇ, ಒಬ್ಬರೂ ಅದರೊಳಗೆ ಏನನ್ನೂ ಹಾಕಿರಲಿಲ್ಲ. ಜಿನ್ನು ಕುಳಿತು ಆ ಹಸಿ ಜೋಳವನ್ನು ತಿಂದಿತು. ಕೊನೆಯ ಕಾಳನ್ನು ತಿಂದ ಮೇಲೆ ಕೂಸಿನ ಕಡೆ ತಿರುಗಿ, 'ಇದು ನಿನ್ನ ಹೆಸರಿಗೆ ಬಂದ ಕಾಳು. ನಿನ್ನ ಅನ್ನ ಉಂಡೀನಿ. ಇನ್ನ ನಿನ್ನ ಮುಟ್ಟೂದು ನನ್ನ ಜಾತಿಗೆ ಸಲ್ಲದು' ಎಂದಿತು. ಹೊತ್ತು ಮುಳುಗುವಾಗ ತಂಬಿಗೆ ಮನೆಯಲ್ಲಿರದೆ ಮಾತು ಮುರಿದಿದ್ದರಿಂದ ಅದರ ಕಟ್ಟೂ ಹರಿದಿತ್ತು. ಉಳಿದ ಕೆಲಸವೇನಾಗಬೇಕೆಂದು ಕೇಳುವಷ್ಟು ದಡ್ಡ ಲಾಡ್ಲೇಸಾಬನಲ್ಲ, ಆದರೂ ಕೇಳಿದನಂತೆ. 'ನೀ ಕಡಿ' ಎಂದು ಹೇಳಿ ಜಿನ್ನು ಹೊರಟುಹೋಯಿತು. ಮನೆ ತಣ್ಣಗಾಯಿತು. ಕೂಸು ಗಟ್ಟಿಯಾಗಿ ಅತ್ತಿತು. ಆ ಅಳು ಕೇಳಿ ಮನೆಯವರೆಲ್ಲ ಅತ್ತರು.

ಅಂದು ನಿಂಬೆವ್ವನ ಮನೆಯ ಅಂಬಲಿ ಲಾಡ್ಲೇಸಾಬನ ಒಲೆಯ ಮೇಲೆ ಆಯಿತು. ಮಾಲನಬಿಯೇ ಹೊತ್ತುಕೊಂಡು ಹೋಗಿ ನಡೆದದ್ದನ್ನೆಲ್ಲ ಹೇಳಿದಳು. ಬೆಳಗಾಗುವುದರೊಳಗೆ ಊರಿಗೆಲ್ಲ ಗೊತ್ತಾಯಿತು. ಗುರುಗಳ ದುವಾದ ಬಂಡವಾಳ ಬಯಲಾಗಿ ಲಾಡ್ಲೇಸಾಬ ತಲೆ ಎತ್ತದಂತಾದ. ಬಾವಿಗೆ ಅವನ ಹೆಸರಿಡಬೇಕೆಂದು ಯಾರೂ ಅನ್ನಲಿಲ್ಲ, ಅವನೂ ಕೇಳಲಿಲ್ಲ. 'ಹಿಡಿಜೋಳದ ಬಾವಿ ಅನ್ರಿ' ಎಂದು ಮೊದಲು ಅಂದವನು ಅವನೇ ಎನ್ನುತ್ತಾರೆ. ಮರುದಿನವೇ ಉಳಿ ಸುತ್ತಿಗೆ ಹಿಡಿದು ಬೇಲಿ ಕಿತ್ತು ಬಾವಿಗಿಳಿದ. ತವರ ಹಚ್ಚುವ ಕೈಗೆ ಕಲ್ಲು ಕಡಿಯುವುದು ಬರುತ್ತಿರಲಿಲ್ಲ. ನಾಲ್ಕನೆಯ ಕಡೆಯ ಮೆಟ್ಟಿಲುಗಳನ್ನು ಮುಗಿಸುವಷ್ಟರಲ್ಲಿ ಅವನು ಮುದುಕನಾಗಿದ್ದ, ಕೊನೆಯ ಕೆಲವನ್ನು ಕಡಿದವನು ಆ ಮೊಮ್ಮಗ.

ಇಂದಿಗೂ ಬಾವಿಯಲ್ಲಿ ಇಣುಕಿದರೆ ಮೂರು ಕಡೆಯ ಮೆಟ್ಟಿಲು ಬೆಣ್ಣೆ ಕೊಯ್ದಂತೆ ನುಣುಪಾಗಿವೆ. ನೋಡಲು ಬಂದವರು ಅವನ್ನೇ ಕೊಂಡಾಡುತ್ತಾರೆ, ಅವುಗಳದೇ ಫೋಟೋ ತೆಗೆಯುತ್ತಾರೆ. ನಾಲ್ಕನೆಯ ಕಡೆಯವು ಒಂದು ಎತ್ತರ, ಒಂದು ತಗ್ಗು. ಮೈತುಂಬ ಉಳಿಯ ಗಾಯ. ಆದರೆ ಜಿನ್ನಿನ ಮೆಟ್ಟಿಲ ಮೇಲೆ ಒದ್ದೆ ಕಾಲು ನಿಲ್ಲುವುದಿಲ್ಲ, ಜಾರುತ್ತದೆ. ತುಂಬಿದ ಕೊಡ ಹೊತ್ತ ಹೆಂಗಸರು ಆ ಮೂರು ಕಡೆ ತಿರುಗಿಯೂ ನೋಡದೆ, ಲಾಡ್ಲೇಸಾಬ ಕಡಿದ ಸೊಟ್ಟ ಮೆಟ್ಟಿಲುಗಳ ಮೇಲೆಯೇ ಹತ್ತಿ ಬರುತ್ತಾರೆ.