ಅಕ್ಕಸಾಲಿಗನ ಊದುಗೊಳವೆ

"ಗುರುಗಳೇ, ಕಷಾಯದಲ್ಲಿ ಬಾಯಿ ಮುಕ್ಕಳಿಸಿದವನಿಗೆ ಬೇನೆ ಅಂಟುವುದಿಲ್ಲ, ಅಲ್ಲವೆ?" ಎಂದು ಶಿಷ್ಯ ಮರಿದೇವ ಕೇಳಿದ.

ಮಠದ ಕೆಳಗಿನ ಊರಿನಲ್ಲಿ ಗಂಟಲುಬೇನೆ ಹಬ್ಬಿತ್ತು. ಮರಿದೇವ ಬೆಳಗ್ಗೆ ಅಲ್ಲಿನ ನಾಲ್ಕಾರು ಮನೆ ಹೊಕ್ಕು, ಮಲಗಿದವರ ಪಕ್ಕದಲ್ಲಿ ಕೂತು ಮಾತಾಡಿಸಿ ಬಂದಿದ್ದ. ಬಂದವನೇ ಬಾಯಿ ಮುಕ್ಕಳಿಸಿದ್ದ. ಹಾಸಿಗೆ ಹಿಡಿದ ಹಿರಿಯ ಸ್ವಾಮಿಗಳಿಗೆ ಗಂಜಿ ಕುಡಿಸುವುದು ದಿನವೂ ಅವನ ಸೇವೆ. ಗಂಜಿಯ ಬಟ್ಟಲು ಆಗಲೇ ಅವನ ಕೈಯಲ್ಲಿತ್ತು. ಬಿಸಿ ಆರಲೆಂದು ಅದನ್ನು ಊದುತ್ತಿದ್ದ.

"ಊದಬೇಡ. ಗಂಜಿ ತಾನಾಗಿ ಆರಲಿ, ಕುಳಿತುಕೋ," ಎಂದು ಗುರುಗಳು ಈ ಕತೆ ತೆಗೆದರು.

ಒಂದು ಪೇಟೆಯಲ್ಲಿ ಒಬ್ಬ ಅಕ್ಕಸಾಲಿಗನಿದ್ದ. ಹೆಂಡತಿ ತೀರಿಹೋಗಿದ್ದಳು. ಇದ್ದವಳು ಒಬ್ಬಳೇ ಮಗಳು. ಮಗಳೆಂದರೆ ಅವನಿಗೆ ಪ್ರಾಣ. ಹಾಗೆಂದು ಅವನು ಯಾರ ಮುಂದೆಯೂ ಹೇಳಿದವನಲ್ಲ. ಅವಳ ಮದುವೆಗೆಂದು ಒಂದು ಜೊತೆ ಬೆಂಡೋಲೆ ಮಾಡುವುದು, ಮಾಡಿದ್ದನ್ನು ಕರಗಿಸಿ ಮತ್ತೆ ಮಾಡುವುದು, ಇದೇ ನಡೆದಿತ್ತು. ಊರವರ ಕಿವಿಗೆ ಒಪ್ಪುವ ಓಲೆ ತನ್ನ ಮಗಳ ಕಿವಿಗೆ ಸಾಲದು ಎಂಬುದು ಅವನ ಲೆಕ್ಕ.

ಕೆಲಸದಲ್ಲೂ ಮಗಳೇ ಅವನ ಜೊತೆ. ಮೂಸೆಯೊಳಗಿನ ಚಿನ್ನ ಕರಗುವ ತನಕ ಅಗ್ಗಿಷ್ಟಿಕೆಯ ಉರಿ ಇಳಿಯಬಾರದು. ಅವನು ಊದುಗೊಳವೆ ಬಾಯಿಗಿಟ್ಟು ಊದುತ್ತಿದ್ದ. ಉಸಿರು ಸೋತಾಗ, ಮೂಸೆಯ ಮೇಲಿಂದ ಕಣ್ಣು ತೆಗೆಯದೆ, ಕೊಳವೆಯನ್ನು ಎಡಕ್ಕೆ ಚಾಚುತ್ತಿದ್ದ. ಅಲ್ಲಿ ಮಗಳ ಕೈ ಇರುತ್ತಿತ್ತು. ಮುಂದಿನದನ್ನು ಅವಳು ಊದುತ್ತಿದ್ದಳು. ಊದುವವರು ಬದಲಾದದ್ದು ಉರಿಗೆ ತಿಳಿಯುತ್ತಲೇ ಇರಲಿಲ್ಲ.

ಒಂದು ವರ್ಷ ಆ ಪೇಟೆಗೆ ಗಂಟಲುಬೇನೆ ಬಂತು. ಮೊದಲು ಕೆರೆತ, ಆಮೇಲೆ ಜ್ವರ, ಆಮೇಲೆ ಉಸಿರಿಗೆ ದಾರಿಯಿಲ್ಲ. ಜನ ಸಾಯತೊಡಗಿದರು. ಸತ್ತವರ ಬಾಯಿಗೆ ತುಳಸಿಯ ಜೊತೆ ಒಂದು ಚೂರು ಚಿನ್ನ ಹಾಕಿ ಕಳಿಸುವುದು ಅಲ್ಲಿನ ಪದ್ಧತಿ. ಹಾಗಾಗಿ ಒಡವೆಯ ಕೆಲಸವೆಲ್ಲ ನಿಂತು, ಅಕ್ಕಸಾಲಿಗ ಸಾಸಿವೆಯಷ್ಟು ಚಿನ್ನದ ಕಾಳುಗಳನ್ನು ಮಾಡುತ್ತ ಕೂತ. ಒಲ್ಲೆ ಎನ್ನಲು ಅವನಿಗೆ ಮನಸ್ಸು ಬರಲಿಲ್ಲ. ಸತ್ತ ಮನೆಯವರನ್ನು ಬರಿಗೈಯಲ್ಲಿ ಹೇಗೆ ಕಳಿಸುವುದು?

ಆದರೆ ಅವನು ಹೆದರಿದ್ದ. ಬೀದಿಯಲ್ಲಿ ಯಾರಾದರೂ ಕೆಮ್ಮಿದರೆ ಮನೆಯೊಳಗೆ ಕೂತು ಇವನು ಉಸಿರು ಬಿಗಿಹಿಡಿಯುತ್ತಿದ್ದ. ಕಾಳನ್ನು ಎಲೆಯಲ್ಲಿಟ್ಟು ಜಗಲಿಯ ತುದಿಗೆ ಸರಿಸಿ ಒಳಗೆ ಓಡುತ್ತಿದ್ದ. ಯಾರ ಮನೆಯ ಹೊಸ್ತಿಲನ್ನೂ ತುಳಿಯಲಿಲ್ಲ. ಮಗಳಿಗೆಂದು ಬಿದಿರಿನ ಬೇರೆ ಕೊಳವೆ ಕಡಿದುಕೊಟ್ಟ. ತಾನು ಊದಿ ಎದ್ದು ದೂರ ಹೋದ ಮೇಲೆ ಅವಳು ಬಂದು ಊದಬೇಕು. ಅಷ್ಟರಲ್ಲಿ ಉರಿ ಇಳಿದು ಕೆಲಸ ಕೆಡುತ್ತಿತ್ತು. ಊರವರು ಅವನನ್ನು ಪುಕ್ಕಲ ಎಂದು ಆಡಿಕೊಂಡರು. ಆಡಿಕೊಳ್ಳಲಿ ಬಿಡು ಎಂದು ಅವನು ತನ್ನ ಪಾಡಿಗೆ ಕಾಳು ಮಾಡುತ್ತಿದ್ದ.

ಅವನ ಪಾಡು ನೋಡಿ ಪೇಟೆಯ ವೈದ್ಯ ಒಂದು ಕಷಾಯ ಹೇಳಿಕೊಟ್ಟ. ಜಾಲಿಯ ತೊಗಟೆ, ಲವಂಗ, ಉಪ್ಪು, ಒಂದು ಚೂರು ಪಟಿಕ.

"ಇದರಲ್ಲಿ ಬಾಯಿ ಮುಕ್ಕಳಿಸು ಆಚಾರಿ. ಹಲ್ಲು ವಸಡು ಚೊಕ್ಕಟವಾಗಿರುತ್ತವೆ. ಬೇನೆಯನ್ನು ಒಂದಿಷ್ಟು ತಡೆದರೂ ತಡೆದೀತು. ಅದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ. ನೀನು ಈಗಿರುವ ಹಾಗೆ ದೂರವೇ ಇರು," ಎಂದ.

ವೈದ್ಯ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಕ್ಕಸಾಲಿಗ ತನಗೆ ಬೇಕಾದಷ್ಟನ್ನು ಮಾತ್ರ ಕೇಳಿಸಿಕೊಂಡು ಮನೆಗೆ ಬಂದ.

ಕಷಾಯ ಬಾಯಿ ಸುಡುವಷ್ಟು ಖಾರವಾಗಿತ್ತು. ಅವನಿಗೆ ಹಿಡಿಸಿದ್ದೇ ಆ ಖಾರ. ನನಗೇ ಇಷ್ಟು ಉರಿದರೆ ಬೇನೆ ಹೇಗೆ ಬದುಕೀತು ಎಂದುಕೊಂಡ. ಮುಕ್ಕಳಿಸಿ ಉಗುಳಿದಾಗ ಎದೆಯ ಮೇಲಿನ ಭಾರವೂ ಇಳಿದ ಹಾಗಾಯಿತು. ಬಹಳ ದಿನಗಳ ಮೇಲೆ ಅವತ್ತು ಹೊಟ್ಟೆ ತುಂಬ ಉಂಡ.

ಮರುದಿನ ಕಾಳನ್ನು ತಾನೇ ಸತ್ತವರ ಮನೆಯ ಬಾಗಿಲಿಗೆ ಒಯ್ದು ಕೊಟ್ಟ. ಆಮೇಲೆ ಒಳಗೂ ಹೋದ. ಹೆಣದ ಪಕ್ಕ ಕೂತು ತನ್ನ ಕೈಯಾರೆ ಬಾಯಿಗೆ ಚಿನ್ನವಿಟ್ಟ. ಅಳುವವರನ್ನು ಎದೆಗೊರಗಿಸಿಕೊಂಡು ಸಮಾಧಾನ ಮಾಡಿದ. ಪುಕ್ಕಲ ಎಂದವರೇ ಈಗ ಆಚಾರ್ರದು ದೊಡ್ಡ ಮನಸ್ಸು ಎಂದು ಕೈಮುಗಿದರು. ಮನಸ್ಸು ದೊಡ್ಡದೇ ಆಗಿತ್ತು, ಅದರಲ್ಲಿ ಸುಳ್ಳಿಲ್ಲ. ಮನೆಗೆ ಬಂದು ಹಿತ್ತಲಲ್ಲಿ ನಿಂತು ಚೆನ್ನಾಗಿ ಬಾಯಿ ಮುಕ್ಕಳಿಸಿ, ಆಮೇಲೆ ಕೆಲಸಕ್ಕೆ ಕೂರುತ್ತಿದ್ದ.

ಒಂದು ದಿನ ಮಗಳ ಬಿದಿರಿನ ಕೊಳವೆಯ ತುದಿ ಸುಟ್ಟು ಸೀಳಿತು. ಹಿತ್ತಲಲ್ಲೇ ಬಿದಿರಿತ್ತು, ಕತ್ತಿ ಕೈಗೆಟುಕುವಂತಿತ್ತು.

"ಅಪ್ಪಾ, ನಂಗೊಂದು ಬೇರೆ ಕೊಳವೆ ಮಾಡಿಕೊಡು," ಎಂದಳು ಮಗಳು.

"ಇನ್ನ್ಯಾಕವ್ವಾ ಬೇರೆ ಕೊಳವೆ? ಈಗ ತಾನೇ ಬಾಯಿ ಮುಕ್ಕಳಿಸಿ ಬಂದಿದೀನಿ," ಎಂದು ಅವನು ತನ್ನದನ್ನೇ ಎಡಕ್ಕೆ ಚಾಚಿದ. ಹಳೆಯ ಅಭ್ಯಾಸ. ಅವಳೂ ತೆಗೆದುಕೊಂಡಳು. ಉರಿ ಇಳಿಯಲಿಲ್ಲ. ಕೆಲಸ ಮೊದಲಿನ ಹಾಗೆ ಚೆನ್ನಾಗಿ ಬಂತೆಂದು ಇಬ್ಬರಿಗೂ ಸಂತೋಷವಾಯಿತು.

ಆ ವಾರ ಅವನ ಗಂಟಲಲ್ಲಿ ಸಣ್ಣ ಕೆರೆತ ಶುರುವಾಗಿತ್ತು. ಕಷಾಯದ ಖಾರ ಎಂದುಕೊಂಡ. ಮೈ ಬೆಚ್ಚಗಾಯಿತು. ಅಗ್ಗಿಷ್ಟಿಕೆಯ ಮುಂದೆ ಕೂತವನ ಮೈ ಬೆಚ್ಚಗಾಗದೆ ಇನ್ನೇನು ಎಂದುಕೊಂಡ. ಅದು ಬಂದ ಹಾಗೇ ಹೋಯಿತು. ಗಟ್ಟಿ ಜೀವ, ಏನೂ ಆಗಲಿಲ್ಲ. ತನಗೆ ಬೇನೆ ಬಂದು ಹೋದದ್ದು ಅವನಿಗೆ ತಿಳಿಯಲೇ ಇಲ್ಲ.

ಆಮೇಲೆ ಮಗಳು ಕೆಮ್ಮಿದಳು. ಕೆಂಡದ ಹೊಗೆ ಎಂದಳು. ಸಂಜೆಗೆ ಜ್ವರ ಏರಿತು. ಅವನು ಓಡಿಹೋಗಿ ಕಷಾಯ ಕಾಸಿ ತಂದ. ಅವಳು ಅಪ್ಪನ ಸಮಾಧಾನಕ್ಕೆ ಒಂದು ಗುಟುಕು ಬಾಯಿಗೆ ಹಾಕಿಕೊಂಡಳು. ಮುಕ್ಕಳಿಸಲು ಶಕ್ತಿಯಿರಲಿಲ್ಲ. ಅದು ಬಾಯಿಯ ಅಂಚಿನಿಂದ ಇಳಿದು ದಿಂಬಿನ ಮೇಲೆ ಹರಿಯಿತು. ಬೇನೆ ಆಗಲೇ ಬಾಯಿ ದಾಟಿ ಎದೆಗೆ ಇಳಿದಿತ್ತು. ಉಸಿರಿಗಾಗಿ ಅವಳು ಪಟ್ಟ ಪಾಡನ್ನು ಅವನು ಕೈ ಹಿಡಿದುಕೊಂಡು ನೋಡಿದ. ಬೆಳಗಾಗುವ ಹೊತ್ತಿಗೆ ಆ ಕೈ ತಣ್ಣಗಾಯಿತು.

ಊರವರು ಬಂದರು. ಬೀದಿಯಲ್ಲೇ ನಿಂತರು. ಅವನನ್ನು ನೋಡಿ ಅವರೆಲ್ಲರೂ ಮನೆಯಲ್ಲಿ ಅದೇ ಕಷಾಯ ಕಾಸಿಟ್ಟಿದ್ದರು, ಎಲ್ಲರೂ ಮುಕ್ಕಳಿಸಿಯೇ ಬಂದಿದ್ದರು. ಆದರೂ ಯಾರೂ ಹೊಸ್ತಿಲು ದಾಟಲಿಲ್ಲ. ಅಕ್ಕಸಾಲಿಗನಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ತಾನೂ ಮೊದಲು ಹಾಗೇ ಇದ್ದೆನಲ್ಲ, ಹಾಗೇ ಉಳಿಯಬಾರದಾಗಿತ್ತೆ ಎಂದುಕೊಂಡ.

ಮಗಳ ಬಾಯಿಗೆ ಚಿನ್ನ ಬೇಕಿತ್ತು. ಪೇಟೆಗೆಲ್ಲ ಕಾಳು ಮಾಡಿಕೊಟ್ಟವನ ಮನೆಯಲ್ಲಿ ಒಂದು ಕಾಳು ಉಳಿದಿರಲಿಲ್ಲ. ಅವನು ಬೆಂಡೋಲೆಯನ್ನು ತೆಗೆದು ಮೂಸೆಗೆ ಹಾಕಿದ. ಅಗ್ಗಿಷ್ಟಿಕೆ ಹೊತ್ತಿಸಿ ಕೊಳವೆ ಬಾಯಿಗಿಟ್ಟು ಊದಿದ. ಅತ್ತು ಅತ್ತು ಬತ್ತಿದ ಎದೆ, ಉಸಿರು ಬೇಗ ಸೋತಿತು. ಮೂಸೆಯ ಮೇಲಿಂದ ಕಣ್ಣು ತೆಗೆಯದೆ ಅವನು ಕೊಳವೆಯನ್ನು ಎಡಕ್ಕೆ ಚಾಚಿದ. ಚಾಚಿಕೊಂಡೇ ಕೂತಿದ್ದ. ಉರಿ ಇಳಿದು ಕೆಂಡದ ಮೇಲೆ ಬೂದಿ ಕಟ್ಟಿತು.

ಗುರುಗಳು ಕತೆ ನಿಲ್ಲಿಸಿದರು. ಗಂಜಿ ಆರಿತ್ತು. ಒಳಗಿನ ಕೋಣೆಯಿಂದ ಹಿರಿಯ ಸ್ವಾಮಿಗಳು ಹೊರಳಿದ ಸದ್ದು ಕೇಳಿಸಿತು.

"ಹಾಗಾದರೆ ಕಷಾಯ ಸುಳ್ಳೆ, ಗುರುಗಳೇ?" ಎಂದು ಮರಿದೇವ ಮೆಲ್ಲಗೆ ಕೇಳಿದ.

ಗುರುಗಳು ಅವನು ಊದಿದ್ದ ಬಟ್ಟಲನ್ನು ಪಕ್ಕಕ್ಕಿಟ್ಟು, ತಾವೇ ಗಡಿಗೆಯಿಂದ ಬೇರೆ ಬಟ್ಟಲಿಗೆ ಗಂಜಿ ಬಗ್ಗಿಸಿಕೊಂಡು ಎದ್ದರು.

"ಅದು ಬೇನೆಯನ್ನು ಎಷ್ಟು ತೊಳೆಯಿತೋ ನಾನು ಕಾಣೆ ಮಗು, ಆ ಹುಡುಗಿಯನ್ನು ಕಾಯುತ್ತಿದ್ದ ಅಪ್ಪನ ಭಯವನ್ನಂತೂ ಪೂರ್ತಿ ತೊಳೆದುಬಿಟ್ಟಿತು."