ಅಂಕ ಕೊಡುವ ಮುಳ್ಳು

ವಾಮನಾಚಾರ್ಯರ ಗ್ರಾಮಫೋನಿನ ಮುಳ್ಳಿಗೆ, ತಾನು ನುಡಿಸಿದ ಪ್ಲೇಟಿಗೆಲ್ಲ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುವ ಚಟವಿತ್ತು. ಮೊದಲ ದಿನ ಅದು ವೀಣೆಯ ಪ್ಲೇಟಿಗೆ ಹತ್ತು ಕೊಟ್ಟಿತು. ತಿಂಗಳು ಕಳೆಯುವಷ್ಟರಲ್ಲಿ ಅದೇ ಪ್ಲೇಟಿಗೆ ಎರಡು ಕೊಟ್ಟಿತು.

"ಸ್ವಾಮಿ, ನನ್ನಲ್ಲಿರುವುದು ಅದೇ ಕಲ್ಯಾಣಿ ರಾಗ, ಅದೇ ವಿದ್ವಾಂಸರ ಬೆರಳು. ಮಿಕ್ಕ ಎಂಟು ಅಂಕ ಎಲ್ಲಿ ಹೋಯಿತು?" ಎಂದು ಪ್ಲೇಟು ಕೇಳಿತು.

"ನನ್ನ ಕಿವಿ ಪಳಗಿದೆ. ಆಗ ಕೇಳಿಸದಿದ್ದ ಕರಕರ ಸದ್ದು ಈಗ ಕೇಳಿಸುತ್ತಿದೆ," ಎಂದಿತು ಮುಳ್ಳು. "ನೀನೇ ವಾಸಿ. ಶಹನಾಯಿಗೆ ಒಂದೂವರೆ. ನಾಟಕದ ಪದಗಳಿಗೆ ಸೊನ್ನೆ."

"ಮುಳ್ಳನ್ನು ಆಗಾಗ ಬದಲಿಸಬೇಕಂತೆ. ಆಚಾರ್ಯರು ಮರೆತಿದ್ದಾರೆ," ಎಂದು ಪ್ಲೇಟು ಮೆಲ್ಲಗೆ ಹೇಳಿತು.

"ವಿಮರ್ಶಕನನ್ನು ಬದಲಿಸಿದರೆ ಸಂಗೀತ ಸುಧಾರಿಸುತ್ತದೆಯೇ?" ಎಂದು ಮುಳ್ಳು ಗದರಿತು.

ಕರಕರ ಕೇಳಿ ಕೇಳಿ ಆಚಾರ್ಯರಿಗೂ ಸಾಕಾಗಿತ್ತು. ಪ್ಲೇಟುಗಳೇ ಹಾಳಾದವೆಂದು ತಿಳಿದು, ಗುಜರಿಗೆ ಹಾಕಲು ಎಲ್ಲವನ್ನೂ ಕಟ್ಟಿಟ್ಟರು. ಕೊನೆಯದಾಗಿ ಒಮ್ಮೆ ಕೇಳೋಣವೆಂದು ವೀಣೆಯ ಪ್ಲೇಟನ್ನು ಹೊರತೆಗೆದವರು, ಯಾಕೋ ಮುಳ್ಳಿನ ತುದಿ ಮುಟ್ಟಿ ನೋಡಿದರು. ಮೊಂಡಾಗಿತ್ತು. ಅದನ್ನು ಬಿಚ್ಚಿ, ಸವೆದ ಮುಳ್ಳುಗಳ ತಗಡಿನ ಡಬ್ಬಿಗೆ ಹಾಕಿ, ಹೊಸದನ್ನು ಸಿಕ್ಕಿಸಿದರು. ಕಲ್ಯಾಣಿ ಮನೆಯೆಲ್ಲ ತುಂಬಿತು. ಆಚಾರ್ಯರು ಕೂತು ಕಟ್ಟು ಬಿಚ್ಚತೊಡಗಿದರು.

"ಹತ್ತಕ್ಕೆ ಹತ್ತು," ಎಂದಿತು ಹೊಸ ಮುಳ್ಳು.

ಡಬ್ಬಿಯೊಳಗೆ ಹಳೆಯ ಮುಳ್ಳು ನಿಟ್ಟುಸಿರು ಬಿಟ್ಟಿತು. "ಪಾಪ, ಇನ್ನೂ ಎಳಸು. ಒಳ್ಳೆಯ ಅಭಿರುಚಿ ಬರಬೇಕಾದರೆ ನಮ್ಮಷ್ಟು ಸವೆಯಬೇಕು."

ಡಬ್ಬಿಯಲ್ಲಿದ್ದ ಮುಳ್ಳುಗಳೆಲ್ಲ ಹೌದೆಂದವು.