ಬಲೆಯ ಎರಡು ಹಗ್ಗ

“ಗುರುಗಳೇ, ನಮ್ಮೂರಿನಲ್ಲಿ ಈಗ ಮುದುಕರೇ ಹೆಚ್ಚು. ದುಡಿಯಲು ಹೊರಗಿನವರು ಬರುತ್ತಿದ್ದಾರೆ. ಅವರನ್ನು ಸೇರಿಸಿಕೊಂಡರೆ ಊರು ನಮ್ಮದಾಗಿ ಉಳಿಯುತ್ತದೆಯೆ?” ಎಂದು ಶಿಷ್ಯ ಕೇಳಿದ.

ಗುರುಗಳು ಕತೆ ಹೇಳಿದರು.

ಕಡಲ ದಡದಲ್ಲೊಂದು ಊರು. ದೊಡ್ಡ ಬಲೆಯನ್ನು ದೋಣಿಯಲ್ಲಿ ಒಯ್ದು ಕಡಲಿಗೆ ಬಿಡುತ್ತಿದ್ದರು. ಬಲೆಯ ಎರಡು ತುದಿಗೆ ಎರಡು ಹಗ್ಗ. ದಡದ ಮೇಲೆ ಎರಡು ಸಾಲಾಗಿ ನಿಂತು ಎಳೆಯಬೇಕು. ಹಗ್ಗಕ್ಕೆ ಕೈಹಚ್ಚಿದವರಿಗೆಲ್ಲ ಮೀನಿನಲ್ಲಿ ಪಾಲು.

ಬರಬರುತ್ತ ಊರಿನಲ್ಲಿ ತೊಟ್ಟಿಲು ಕಟ್ಟುವ ಮನೆಗಳು ಕಡಿಮೆಯಾದವು. ಹಗ್ಗ ಹಿಡಿದವರ ತಲೆಯೆಲ್ಲ ಬೆಳ್ಳಗಾಯಿತು. ಒಂದು ದಿನ ಮೀನು ತುಂಬಿದ ಬಲೆಯನ್ನು ಎಳೆಯಲಾಗದೆ, ಮೀನನ್ನೆಲ್ಲ ಕಡಲಿಗೇ ಬಿಟ್ಟು ಬರಿಬಲೆ ತಂದರು. ಹೀಗೇ ನಡೆದರೆ ಊರಿನ ಒಲೆ ಉರಿಯುವುದಿಲ್ಲ ಎಂದು ಬಲೆಯ ಯಜಮಾನನಿಗೆ ಗೊತ್ತಿತ್ತು.

ಕಡಲ್ಕೊರೆತಕ್ಕೆ ಮನೆಮಠ ಕಳೆದುಕೊಂಡು ದೂರದ ದೇಶದಿಂದ ಬಂದವರು ಊರಾಚೆ ಗುಡಿಸಲು ಹಾಕಿಕೊಂಡಿದ್ದರು. ಯಜಮಾನ ತಾನೇ ಹೋಗಿ ಅವರನ್ನು ಕರೆದ. ಊರವರ ಬೆನ್ನು ಬಗ್ಗಿತ್ತು, ಬಿಂಕ ಬಗ್ಗಿರಲಿಲ್ಲ.

“ಬೇಕಾದರೆ ಬರಲಿ ಯಜಮಾನರೇ. ಆದರೆ ಅವರದೊಂದು ಹಗ್ಗ, ನಮ್ಮದೊಂದು ಹಗ್ಗ. ಸಾಲು ಬೆರೆಸುವುದು ಬೇಡ,” ಎಂದರು.

ಯಜಮಾನ ಒಪ್ಪಿದ. ಬಂದವರ ಹಗ್ಗ ಸರಸರನೆ ದಡ ಸೇರಿತು. ಮುದುಕರ ಹಗ್ಗ ನಿಂತಲ್ಲೇ ನಿಂತಿತು. ಬಲೆ ಓರೆಯಾಗಿ, ಹಿಂದುಳಿದ ತುದಿಯಿಂದ ಮೀನೆಲ್ಲ ನುಸುಳಿಹೋಯಿತು. ಎರಡೂ ಸಾಲಿನವರು ಬಾಯಿಗೆ ಬಂದಂತೆ ಬೈದಾಡಿಕೊಂಡರು.

ಮರುದಿನ ಯಜಮಾನ ಯಾರ ಮಾತಿಗೂ ಸೊಪ್ಪುಹಾಕಲಿಲ್ಲ. ಎರಡೂ ಹಗ್ಗಗಳಿಗೆ ಒಬ್ಬ ಮುದುಕ, ಅವನ ಹಿಂದೆ ಒಬ್ಬ ಹೊಸಬ, ಹೀಗೆ ನಿಲ್ಲಿಸಿದ. ಮುದುಕನೊಬ್ಬ, “ನಮ್ಮ ಪಾಲಿಗೆ ಕಲ್ಲು ಬಿತ್ತು,” ಎಂದು ಗೊಣಗಿದ.

“ಮೊದಲು ಬಲೆ ಬರಲಿ. ನೀನು ಕೂಗು ಹಾಕು, ಅವನು ಎಳೆಯುತ್ತಾನೆ,” ಎಂದ ಯಜಮಾನ.

ಅಲೆ ಮುಂದೆ ಬಂದಾಗ ಎಳೆಯಬೇಕು, ಹಿಂದೆ ಸರಿದಾಗ ಬಿಗಿಹಿಡಿದು ನಿಲ್ಲಬೇಕು. ಮುದುಕರು ಅದನ್ನು ತಿಳಿದು ಕೂಗು ಹಾಕಿದರು. ಹೊಸಬರು ಮೊದಮೊದಲು ತಪ್ಪಿದರು, ಕೂಗಿಗೆ ಕಿವಿಗೊಟ್ಟು ಸರಿಯಾದರು. ಬಲೆ ನೆಟ್ಟಗೆ ದಡಕ್ಕೆ ಬಂತು. ಯಜಮಾನ ಮರಳಿನ ಮೇಲೆ ಕುಳಿತು ಎಲ್ಲರೆದುರೇ ಅತ್ತುಬಿಟ್ಟ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

“ಅದೆಲ್ಲ ಸರಿ ಗುರುಗಳೇ. ಕೊನೆಗೆ ಆ ದಡ ಊರವರದಾಗಿಯೇ ಉಳಿಯಿತೊ, ಬಂದವರ ಪಾಲಾಯಿತೊ?”

ಗುರುಗಳು ಹೇಳಿದರು: “ನನ್ನಜ್ಜ ಆ ಹಗ್ಗ ಎಳೆದವನೇ, ಅವನು ಯಾರ ಕಡೆಯವನೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.”